ಸಾಲಿ ಟ್ರಿಪ್ಪಿನ್ಯಾಗ ಓಡಿ ನೋಡಿದ ಮ್ಯೂಸಿಯಂನ ದೊಡ್ಡಾವ್ರಾದ ಮ್ಯಾಲ ಮತ್ತ ಹೆಂಗ ನೋಡೂದು

ನಮ್ಮ ಕಡೆ ಸಾಲಿ ಕಲ್ತಾವ್ರು ಒಮ್ಮೆರ ಲಕ್ಕುಂಡಿಗೆ ಹೋಗೇ ಇರ್ತಾರ. ಗದಗನಿಂದ ಬರೇ 12 ಕಿಲೋಮೀಟರ್. ನಾನು ಏಳನೇ ಇಯತ್ತೆ ಇದ್ದಾಗ ಒಂದ ಟೆಂಪೋದಾಗ ನಲವತ್ತ ಹುಡುಗೂರನ್ನ ತುಂಬಿಸಿ ಕರ್ಕೊಂಡ ಹೋಗಿದ್ರು, ಮಾಸ್ತರು "ಸಾಲ ಬಿಡಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ" ಅಂತ ಹಿಂದ ಮುಂದ ಓಡ್ಯಾಡತಿದ್ರು, ಮ್ಯೂಸಿಯಂ ಒಳಗ ಹೊಕ್ಕಿದ್ದೂ ಗೊತ್ತಾಗ್ಲಿಲ್ಲ ಹೊರಗ ಬಂದಿದ್ದೂ ಗೊತ್ತಾಗ್ಲಿಲ್ಲ, ನೆನಪಿನ್ಯಾಗ ಉಳದದ್ದು ಅಂದ್ರ ಮುಸುಕಿನ ಬಾವಿ ಮೆಟ್ಟಲಾ ಎಣಿಸಿದ್ದು ಮತ್ತ ಅವ್ವ ಕಟ್ಟಿ ಕೊಟ್ಟ ಬುತ್ತ್ಯಾಗಿನ ಶೇಂಗಾ ಹಿಂಡಿ. ಆಮ್ಯಾಲ ಇಪ್ಪತ್ತೈದ ವರ್ಷ ಆ ಕಡೆ ತಿರುಗಿ ನೋಡಿರಲಿಲ್ಲ. ಹುಬ್ಬಳ್ಳ್ಯಾಗ ನೌಕರಿ, ಊರಿಗೆ ಹೋಗೂದು ಬರೂದು, ಬಸ್ಸು ಲಕ್ಕುಂಡಿ ಮ್ಯಾಲ ಹಾದ್ರೂ ಇಳೀಬೇಕು ಅಂತ ಅನಸಿರಲಿಲ್ಲ.

ಹ್ವಾದ ವರ್ಷ ಅವ್ವನ ಕರ್ಕೊಂಡ ಹೋದೆ. ಅರ್ಧ ತಾಸು ನೋಡಿ ಬರೂಣು ಅಂತ ಹೋದಾವ್ರು ಸಂಜಿ ತನಕ ಅಲ್ಲೇ ಇದ್ವಿ. ಅವತ್ತಿನಿಂದ ನಮ್ಮ ಸುತ್ತಮುತ್ತಲಿನ ಮ್ಯೂಸಿಯಂ ಒಂದೊಂದಾಗಿ ಮತ್ತ ನೋಡಾಕತ್ತೀನಿ, ಹೆಂಗ ನೋಡಿದ್ರ ಕಲ್ಲು ಮಾತಾಡ್ತಾವು ಹೆಂಗ ನೋಡಿದ್ರ ಸುಮ್ನ ಕಾಲು ನೋವು ಅಷ್ಟ ಅನ್ನೂದು ಈಗ ಸ್ವಲ್ಪ ತಿಳದೈತಿ, ಅದನ್ನ ಬರೀತೀನಿ. ಎಲ್ಲಾದಕ್ಕಿಂತ ಮೊದ್ಲ ಒಂದ ಮಾತು: ಪೂರಾ ಮ್ಯೂಸಿಯಂ ನೋಡಾಕ ಹೋಗಬ್ಯಾಡ್ರಿ. ಒಂದ ಕಲ್ಲು ಪೂರಾ ನೋಡ್ರಿ.

ಎಲ್ಲಿಗೆ ಹೋಗೂದು ಅಂದ್ರ, ನಿಮ್ಮ ಮನಿಗೆ ಯಾವುದು ಹತ್ರ ಅದಕ್ಕ ಹೋಗ್ರಿ. ಲಕ್ಕುಂಡಿ ಮ್ಯೂಸಿಯಂ ಬ್ರಹ್ಮ ಜಿನಾಲಯ ಅನ್ನೂ ಜೈನ ಬಸದಿ ಬಾಜೂಕ ಐತಿ. ಧಾರವಾಡದಾವ್ರಿಗೆ ಕರ್ನಾಟಕ ಯೂನಿವರ್ಸಿಟಿ ಕ್ಯಾಂಪಸ್ಸಿನ್ಯಾಗ ಕನ್ನಡ ಸಂಶೋಧನ ಸಂಸ್ಥೆದ ಮ್ಯೂಸಿಯಂ ಐತಿ, 1939ರಾಗ ಶುರು ಆದ ಸಂಸ್ಥೆ ಅದು, ಕ್ಯಾಂಪಸ್ಸಿನ್ಯಾಗ ಎರಡ ವರ್ಷ ಎಂಎ ಓದಿ ಒಮ್ಮೇನೂ ಒಳಗ ಕಾಲಿಡದಾವ್ರು ನನ್ನ ದೋಸ್ತರಾಗ ಭಾಳ ಮಂದಿ ಅದಾರ. ಹುಬ್ಬಳ್ಳ್ಯಾಗ 2020ರಾಗ ರೈಲ್ವೆ ಮ್ಯೂಸಿಯಂ ತಗದಾರ. ಹಾವೇರಿ ಕಡೆಯಾವ್ರಿಗೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಹತ್ರ ಹೈವೇ ಮಗ್ಗಲ್ಲ ಉತ್ಸವ ರಾಕ್ ಗಾರ್ಡನ್ ಐತಿ, ಅದು ಹಳೇ ಸಾಮಾನು ಇಟ್ಟ ಮ್ಯೂಸಿಯಂ ಅಲ್ಲ, ಆದ್ರ ನಮ್ಮ ಹಳ್ಳಿ ಬದುಕನ್ನ ಮನಶಾ ಎತ್ತರದ ಗೊಂಬ್ಯಾಗ ನಿಲ್ಲಿಸ್ಯಾರ, ಒಕ್ಕಲುತನ ನೋಡದ ಹುಡುಗೂರಿಗೆ ತೋರಸಬೇಕಾದ ಜಾಗ. ರಜಾ ಯಾವತ್ತು ಅಂತ ಮಾತ್ರ ಮೊದ್ಲ ಕೇಳ್ಕೊಳ್ರಿ, ಒಂದೊಂದು ಶುಕ್ರವಾರ ಬಂದ್ ಇರ್ತಾವು, ಒಂದೊಂದು ಸೋಮವಾರ, ಯೂನಿವರ್ಸಿಟಿದು ಆಫೀಸ್ ಟೈಮಿನ ಮ್ಯಾಲ. ಬಸ್ಸಿಗೇನೂ ಚಿಂತಿಲ್ಲ, ಗದಗನಿಂದ ಕೊಪ್ಪಳ ಹೊಸಪೇಟಿ ಕಡೆ ಹೋಗೂ ರೋಡಿನ ಮ್ಯಾಲೇ ಲಕ್ಕುಂಡಿ, ಅವ್ವಗ ಶಕ್ತಿ ಯೋಜನಾದಾಗ ಟಿಕೀಟೂ ಇಲ್ಲ.

ಜೋಡಿ ಒಬ್ರು ಹಿರ್ಯಾರನ್ನ ಕರ್ಕೊಂಡ ಹೋಗ್ರಿ. ಇದನ್ನ ನಾನು ಭಾಳ ಒತ್ತಿ ಹೇಳ್ತೀನಿ. ಅಜ್ಜ ಆಯಿ ಅವ್ವ ಅಪ್ಪ ಯಾರರ ಆಗ್ಲಿ, ಸಾಲಿ ಕಲ್ತಿರಲಿ ಬಿಡ್ಲಿ. ಕೊಳಗ, ಸೊಲಗಿ, ಗಾಣ, ಹಗೇವು ಅನ್ನೂ ಶಬ್ದ ನಮಗ ಡಿಕ್ಷನರಿ ಒಳಗ ಹುಡುಕಬೇಕು, ಅವರಿಗೆ ಕೈಯ್ಯಾಗಿನ ಮಾತು. ಚೀಲದಾಗ ನೀರು, ಒಂದ ನೋಟ್‌ಬುಕ್, ಪೆನ್ಸಿಲ್, ಸಣ್ಣ ಟಾರ್ಚ್. ಮೊಬೈಲ್ ಟಾರ್ಚೂ ನಡೀತೈತಿ.

ಒಳಗ ಹೋದ ಕೂಡ್ಲೇ ಫೋಟೋ ಹೊಡ್ಯಾಕ ಶುರು ಮಾಡಬ್ಯಾಡ್ರಿ. ಮೊದ್ಲ ಹತ್ತ ನಿಮಿಷ ಸುಮ್ನ ಒಂದ ಸುತ್ತು ಹಾಕ್ರಿ, ಬೋರ್ಡ್ ಓದಬ್ಯಾಡ್ರಿ, ಯಾವ ಕಲ್ಲಿನ ಮುಂದ ನಿಮ್ಮ ಕಾಲು ತಾನಾಗಿ ನಿಂತಿತು ಅದನ್ನ ಮನಸ್ಸಿನ್ಯಾಗ ಇಟ್ಕೊಂಡು ಎರಡನೇ ಸುತ್ತಿಗೆ ನೆಟ್ಟಗ ಅದರ ಮುಂದ ಹೋಗಿ ನಿಲ್ರಿ. ಕುಂಡ್ರಾಕ ಜಾಗಾ ಇದ್ರ ಕುಂಡ್ರಿ. ಏನು ನೋಡಬೇಕು ಅಂತ ಗೊತ್ತಾಗದಿದ್ರ ವೀರಗಲ್ಲಿನಿಂದ, ಅಂದ್ರ ಕಾದಿ ಸತ್ತಾವ್ರ ನೆನಪಿಗೆ ನಿಲ್ಲಿಸಿದ ಕಲ್ಲಿನಿಂದ ಶುರು ಮಾಡ್ರಿ, ನಮ್ಮ ಕಡೆ ವೀರಗಲ್ಲಿಗೇನೂ ಬರಗಾಲ ಇಲ್ಲ.

ವೀರಗಲ್ಲು ಕೆಳಗಿನಿಂದ ಮ್ಯಾಲಕ ಓದಬೇಕು. ಇದೊಂದು ಗೊತ್ತಾದ್ರ ಸಾಕು, ಸಾಲಿ ಟ್ರಿಪ್ಪಿನ್ಯಾಗ ಕುದುರಿ, ಬಾಣ, ಏನೇನೋ ಗದ್ದಲ ಅಂತ ಕಂಡಿದ್ದು ಈಗ ಕಥಿ ಆಗ್ತೈತಿ. ಕೆಳಗಿನ ಪಟ್ಟಿಕ್ಯಾಗ ಜಗಳ: ವೀರ ಬಿಲ್ಲು ಹಿಡದೋ ಕತ್ತಿ ಹಿಡದೋ ನಿಂತಿರ್ತಾನ, ಎದುರಿನಾವ್ರು, ಸತ್ತು ಬಿದ್ದಾವ್ರು. ನಡಕಿನದ್ರಾಗ ಅಪ್ಸರೆಯರು ಅವನ ಎರಡೂ ರಟ್ಟಿ ಹಿಡದು ಮ್ಯಾಲ ಕರ್ಕೊಂಡ ಹೊಂಟಿರ್ತಾರ, ಕೆಲವೊಂದ್ರಾಗ ವಿಮಾನ ಇರ್ತೈತಿ. ಮ್ಯಾಲಿನದ್ರಾಗ ಅವ ಲಿಂಗದ ಮುಂದ ಕೈ ಮುಕ್ಕೊಂಡು ಕುಂತಿರ್ತಾನ, ಜೈನ ಇದ್ದ ಅಂದ್ರ ಜಿನನ ಮುಂದ. ತಲಿ ಮ್ಯಾಲ ಸೂರ್ಯ ಚಂದ್ರ, ಅವೆರಡು ಇರೂ ತನಕ ಇವನ ಹೆಸರೂ ಇರ್ಲಿ ಅಂತ. ಈಗ ಮತ್ತ ಕೆಳಗ ಬಂದು ಟಾರ್ಚ್ ಹಿಡದು ವೀರನ ಹಿಂದ ಮುಂದ ಹುಡುಕ್ರಿ, ಆಕಳಾ ಅದಾವೇನು? ಅದಾವು ಅಂದ್ರ ಅದು ತುರುಗೋಳ್ ಕಲ್ಲು. ತುರು ಅಂದ್ರ ದನ. ಬ್ಯಾರೆ ಊರಾವ್ರು ದನಾ ಹೊಡ್ಕೊಂಡ ಹೊಂಟಾಗ ಬಿಡಿಸ್ಕೊಂಡ ಬರಾಕ ಹೋಗಿ ಸತ್ತಾವನ ಕಲ್ಲು. ಹೆಣ್ಣುಮಕ್ಕಳ ಮಾನ ಉಳಸಾಕ ಹೋಗಿ ಸತ್ತಾವಂದು ಪೆಣ್ಬುಯ್ಯಲ್, ಊರಿಗೆ ಊರೇ ಹಾಳಾಗೂ ಹೊತ್ನ್ಯಾಗ ಕಾದಿ ಸತ್ತಾವಂದು ಊರಳಿವು. ಎಂಥಾ ಶಬ್ದ ನೋಡ್ರಿ. ಇವರು ಯಾರೂ ರಾಜರಲ್ಲ, ನಮ್ಮಂಥಾ ಊರಿನ ಮಂದಿ, ದನದ ಸಲುವಾಗಿ ಜೀವಾ ಕೊಟ್ಟಾವ್ರು, ಊರಾವ್ರು ಕೂಡಿ ಕಲ್ಲು ಕಡಸಿ ನಿಲ್ಲಿಸ್ಯಾರ. ನಾನು ಎಮ್ಮಿ ಕಟ್ಟಿದ ಮನ್ಯಾಗ ಬೆಳದಾವ, ಒಂದ ಎಮ್ಮಿ ಹ್ವಾದ್ರ ಮನಿ ಹೆಂಗ ಆಗ್ತೈತಿ ಅಂತ ಕಂಡೀನಿ. ಏಳನೇ ಇಯತ್ತೆದಾಗ ಇದು ತಿಳೀತಿರಲಿಲ್ಲ, ಈಗ ತಿಳೀತೈತಿ, ಅದಕ್ಕ ದೊಡ್ಡಾವ್ರಾದ ಮ್ಯಾಲ ಮತ್ತ ಹೋಗ್ರಿ ಅನ್ನೂದು.

ವೀರಗಲ್ಲಿನ ಮಗ್ಗಲ್ಲ ಭಾಳ ಸಲ ಇನ್ನೊಂದ ಥರದ ಕಲ್ಲು ಇರ್ತೈತಿ. ಒಂದ ಕಂಬ, ಆ ಕಂಬದಿಂದ ಮೊಳಕೈ ಮಡಚಿ ಮ್ಯಾಲಕ ಎತ್ತಿದ ಒಂದ ಕೈ, ಅಷ್ಟ. ಮಾಸ್ತಿಕಲ್ಲು, ಅಂದ್ರ ಮಹಾಸತಿ ಕಲ್ಲು, ಗಂಡನ ಚಿತಿ ಏರಿದಾಕಿದು. ನಾನು ಅವ್ವಗ ಇದನ್ನೆಲ್ಲಾ ವಿವರಿಸಿ ಹೇಳಾಕತ್ತಿದ್ದೆ, ಅಕಿ ನನ್ನ ಮಾತು ಕೇಳ್ಳಿಕ್ಕತ್ತಿರಲಿಲ್ಲ, ಕಲ್ಲಿನ ಹತ್ರ ಬಗ್ಗಿ ನೋಡಾಕತ್ತಿದ್ಲು. "ಕೈ ತುಂಬ ಬಳಿ ಅದಾವ ನೋಡೋ" ಅಂದ್ಲು. ಮುಂಗೈಗೆ ಒತ್ತೊತ್ತಾಗಿ ಬಳಿ ಕೆತ್ತಿದ್ರು, ಒಂದೂ ಒಡದಿಲ್ಲ. ಮುತ್ತೈದಿ ಆಗೇ ಹೋದ್ಲು ಅಂತ ಹೇಳೂ ಸಲುವಾಗಿ ಕಲ್ಲುಕುಟಿಗ ಆ ಬಳಿ ಮರೀದ ಕೆತ್ತ್ಯಾನ. ಅಪ್ಪ ತೀರಿ ಆಗ ಮೂರ ವರ್ಷ ಆಗಿತ್ತು. ಅವ್ವ ಸ್ವಲ್ಪ ಹೊತ್ತು ಅಲ್ಲೇ ನಿಂತ್ಲು, ಆಮ್ಯಾಲ "ಪಾಪ, ಎಷ್ಟ ವಯಸ್ಸಿನಾಕಿನೋ ಏನೋ, ಯಾರರ ಕೇಳಿದ್ರೋ ಇಲ್ಲೋ ಅಕೀನ್ನ" ಅಂದು ಮುಂದ ಹ್ವಾದ್ಲು. ಆ ಪ್ರಶ್ನೆ ಯಾವ ಬೋರ್ಡಿನ ಮ್ಯಾಲೂ ಬರದಿರೂದಿಲ್ಲ. ಅದಕ್ಕ ಹೇಳಿದ್ದು, ಹಿರ್ಯಾರನ್ನ ಕರ್ಕೊಂಡ ಹೋಗ್ರಿ, ನಿಮ್ಮ ಮಾತು ಕಮ್ಮಿ ಮಾಡಿ ಅವರು ಎಲ್ಲಿ ನಿಲ್ತಾರ ಅಂತ ನೋಡ್ರಿ.

ಇನ್ನ ಶಾಸನದ ಕಲ್ಲು. ಇವನ್ನ ಎಲ್ಲಾರೂ ದಾಟಿ ಹೋಗ್ತಾರ ಯಾಕಂದ್ರ ಓದಾಕ ಬರೂದಿಲ್ಲ ಅಂತ ಮೊದ್ಲ ಮನಸ್ಸಿನ್ಯಾಗ ಕುಂತಿರ್ತೈತಿ. ಪೂರಾ ಬರೂದಿಲ್ಲ ಖರೆ, ಆದ್ರ ಅರ್ಧ ತಾಸು ಕುಂತ್ರ ಹತ್ತ ಅಕ್ಷರ ಸಿಗ್ತಾವು, ಯಾಕಂದ್ರ 11-12ನೇ ಶತಮಾನದ ಲಿಪಿ ನಮ್ಮ ಲಿಪಿಗೆ ಹತ್ರದ ಸಂಬಂಧಿ. ಮೊದ್ಲ ಮ್ಯಾಲಿನ ಚಿತ್ರಾ ನೋಡ್ರಿ: ನಡಕ ಲಿಂಗ, ಒಂದ ಕಡೆ ಆಕಳು ಕರು, ಮ್ಯಾಲ ಸೂರ್ಯ ಚಂದ್ರ ಇದ್ರ ಶೈವ ಗುಡಿಗೆ ಕೊಟ್ಟ ದಾನ, ಜಿನ ಕುಂತಿದ್ರ ಬಸದಿಗೆ. ಮೊದ್ಲಿನ ಸಾಲು "ನಮಸ್ತುಂಗ" ಅಂತ ಶುರು ಆದ್ರ ಶಿವನ ಸ್ತುತಿ, "ಶ್ರೀಮತ್ಪರಮಗಂಭೀರ" ಅಂತ ಶುರು ಆದ್ರ ಜೈನರದು. ಆಮ್ಯಾಲ "ಸ್ವಸ್ತಿ ಸಮಸ್ತ ಭುವನಾಶ್ರಯ ಶ್ರೀಪೃಥ್ವೀವಲ್ಲಭ" ಅಂತ ಕಂಡ್ರ ಕಲ್ಯಾಣ ಚಾಲುಕ್ಯರ ಬಿರುದು ಶುರು ಆತು ಅಂತ ತಿಳ್ಕೊಳ್ರಿ, ಈ ಸಾಲು ನಮ್ಮ ಭಾಗದ ಎಷ್ಟೋ ಕಲ್ಲಿನ ಮ್ಯಾಲ ಒಂದ ನಮೂನಿ ಬರ್ತೈತಿ, ಹಿಂಗಾಗಿ ಇದನ್ನ ಕಾಗದದ ಮ್ಯಾಲ ಬರ್ಕೊಂಡ ಹೋಗಿ ಕಲ್ಲಿನ ಜೋಡಿ ಒಂದೊಂದ ಅಕ್ಷರ ತಾಳೆ ಹಾಕ್ರಿ, ಅದ ನಿಮ್ಮ ಅಂಕಲಿಪಿ. ಶಬ್ದದ ನಡಕ ಜಾಗಾ ಬಿಟ್ಟಿರೂದಿಲ್ಲ, ಎ-ಏ, ಒ-ಓ ಅಂತ ಬ್ಯಾರೆ ಬ್ಯಾರೆ ತೋರಸೂದಿಲ್ಲ, ಈಗ ಇಲ್ಲದ ಱ ಮತ್ತ ೞ ಅನ್ನೂ ಎರಡ ಅಕ್ಷರ ನಡನಡಕ ಬರ್ತಾವು. ಅಷ್ಟ ಗೊತ್ತಿದ್ರ ಸಾಕು ಶುರು ಮಾಡಾಕ.

ಟಾರ್ಚು ಎದುರಿಗೆ ಹಿಡೀಬ್ಯಾಡ್ರಿ. ಮಗ್ಗಲಿಂದ, ಕಲ್ಲಿಗೆ ತಾಗಿದಂಗ ಬೆಳಕು ಬಿಡ್ರಿ, ಅಕ್ಷರದ ಗುಣಿಯೊಳಗ ನೆರಳು ಬಿದ್ದು ಸವದ ಸಾಲೂ ಎದ್ದ ಕಾಣ್ತೈತಿ. ಮ್ಯೂಸಿಯಂ ಸಿಬ್ಬಂದಿನ ಒಂದ ಮಾತು ಕೇಳಿ ಮಾಡ್ರಿ, ಫ್ಲಾಶ್ ಬ್ಯಾಡ ಅಂದ್ರ ಬ್ಯಾಡ. ಹೊರಗ ಬಯಲಾಗ ನಿಲ್ಲಿಸಿದ ಕಲ್ಲು ಇದ್ರ ಮುಂಜಾನೆ ಎಳೇ ಬಿಸಲು ಇಲ್ಲಾ ಸಂಜಿ ಬಿಸಲಿನ್ಯಾಗ ನೋಡ್ರಿ, ಮಧ್ಯಾಹ್ನ ಹನ್ನೆರಡಕ್ಕ ಅದ ಕಲ್ಲು ಬೋಳು ಚಪ್ಪಡಿ ಕಂಡಂಗ ಕಾಣ್ತೈತಿ.

ಊರ ಹೆಸರು ಹುಡುಕೂದ್ರಾಗ ಐತಿ ನೋಡ್ರಿ ಮಜಾ. ಹಳಗನ್ನಡದ ಪಕಾರ ಮುಂದ ಹಕಾರ ಆತು, ಪಾಲು ಹಾಲಾತು, ಪೊನ್ನು ಹೊನ್ನಾತು, ಪಾನುಂಗಲ್ಲು ಹಾನಗಲ್ಲ ಆತು. ಪುಲಿಗೆರೆ ಅಂದ್ರ ನಮ್ಮ ಲಕ್ಷ್ಮೇಶ್ವರ, ಲೊಕ್ಕಿಗುಂಡಿ ಅಂದ್ರ ಲಕ್ಕುಂಡಿ, ಅಣ್ಣಿಗೆರೆ ಅಂದ್ರ ಅಣ್ಣಿಗೇರಿ. ಊರ ಹೆಸರಿನ ಜೋಡಿ ಅಂಕಿನೂ ಬರ್ತೈತಿ, ಬೆಳ್ವೊಲ 300, ಪುಲಿಗೆರೆ 300, ಪಾನುಂಗಲ್ಲು 500, ಬನವಾಸಿ 12000, ಇವು ಆಗಿನ ನಾಡಿನ ಭಾಗ, ಈಗ ನಾವು ತಾಲೂಕು ಜಿಲ್ಲೆ ಅಂದಂಗ. ತಾರೀಖು ಶಕ ವರ್ಷದಾಗ ಇದ್ರ 78 ಕೂಡಸ್ರಿ. ಚಾಲುಕ್ಯ ವಿಕ್ರಮ ವರ್ಷ ಅಂತ ಇದ್ರ 1075 ಕೂಡಸ್ರಿ, ಯಾಕಂದ್ರ ಆರನೇ ವಿಕ್ರಮಾದಿತ್ಯ 1076ರಾಗ ಪಟ್ಟಕ್ಕ ಬಂದು ಶಕ ಬಿಟ್ಟು ತಂದ ಹೊಸ ಲೆಕ್ಕ ಶುರು ಮಾಡಿದ. ಸಂವತ್ಸರದ ಹೆಸರು ಮಾತ್ರ ಈಗಿನ ಪಂಚಾಂಗದ್ದ, 60 ವರ್ಷಕ್ಕ ಒಂದ ಸುತ್ತು. ಲಕ್ಕುಂಡಿ ಬ್ರಹ್ಮ ಜಿನಾಲಯದ ಶಾಸನ ಶಕ 929ರದು, 78 ಕೂಡಿಸಿದ್ರ 1007, ಅದು ಪ್ಲವಂಗ ಸಂವತ್ಸರ. 17 ಸುತ್ತು ತಿರುಗಿ ಅದ ಪ್ಲವಂಗ 2027ರ ಯುಗಾದಿಗೆ ನಮ್ಮ ಮನಿ ಪಂಚಾಂಗದಾಗ ಬರ್ತೈತಿ. ಈ ಲೆಕ್ಕಾ ಅವ್ವ ಬೆರಳ ಮ್ಯಾಲ ಪ್ರಭವ ವಿಭವ ಶುಕ್ಲ ಅಂತ ಎಣಿಸಿ ತಾಳೆ ನೋಡಿದ್ಲು, ನಾನು ಮೊಬೈಲ್‌ನ್ಯಾಗ.

ಶಾಸನದ ಕಡೀ ಭಾಗ ಬಿಡಬ್ಯಾಡ್ರಿ. ಅಲ್ಲಿ ಕೊಟ್ಟಿದ್ದೇನು ಅಂತ ಇರ್ತೈತಿ, ಇಷ್ಟ ಮತ್ತರು ಹೊಲ, ಇಷ್ಟ ಗದ್ಯಾಣ (ಆಗಿನ ಬಂಗಾರದ ನಾಣ್ಯ), ನಂದಾದೀವಿಗಿಗೆ ಒಂದೊಂದ ಗಾಣದಿಂದ ಒಂದ ಸೊಲ್ಲಗೆ ಎಣ್ಣಿ. ಅದಾದ ಮ್ಯಾಲ ಶಾಪ: ಈ ದಾನ ಕಿತ್ಕೊಂಡಾವ 60,000 ವರ್ಷ ಹೊಲಸಿನ್ಯಾಗ ಹುಳಾ ಆಗಿ ಹುಟ್ಟಲಿ, ವಾರಣಾಸಿಯೊಳಗ ಸಾವಿರ ಕವಿಲಿ (ಕಂದು ಬಣ್ಣದ ಆಕಳು) ಕೊಂದ ಪಾಪ ಹತ್ತಲಿ. ಗುಡಿ ದೀಪ ಆರಬಾರದು ಅಂತ ಎಷ್ಟ ಕಾಳಜಿ ಇತ್ತು ಅನ್ನೂದು ಆ ಬೈಗುಳದಾಗ ಗೊತ್ತಾಗ್ತೈತಿ.

ದೇವರ ಮೂರ್ತಿ ಬಗ್ಗೆ ಭಾಳ ಬರ್ಯಾಕ ಹೋಗೂದಿಲ್ಲ, ಅವನ್ನ ನೋಡಾಕ ಮಂದಿ ತಾವೇ ನಿಲ್ತಾರ. ಸಣ್ಣ ಹುಡುಗೂರು ಜೋಡಿ ಇದ್ರ ಸಪ್ತಮಾತೃಕೆಯರ ಪಟ್ಟಿ ಹುಡುಕ್ರಿ, ಏಳ ಮಂದಿ ತಾಯಂದ್ರು ಸಾಲಾಗಿ ಕುಂತಿರ್ತಾರ, ಮಾರಿ ನೋಡಿ ಗುರ್ತಾ ಹಿಡ್ಯಾಕ ಆಗೂದಿಲ್ಲ, ಕಾಲ ಕೆಳಗಿನ ವಾಹನ ನೋಡಬೇಕು: ಹಂಸ ಇದ್ರ ಬ್ರಾಹ್ಮಿ, ನಂದಿ ಇದ್ರ ಮಾಹೇಶ್ವರಿ, ನವಿಲು ಕೌಮಾರಿ, ಗರುಡ ವೈಷ್ಣವಿ, ಆನಿ ಇಂದ್ರಾಣಿ, ಹಂದಿ ಮಾರಿ ಇದ್ರ ವಾರಾಹಿ, ಎಲುಬು ಎದ್ದ ಮೈಯಾಕಿ ಚಾಮುಂಡಿ. ತುದಿಗೆ ಗಣಪ್ಪ ಕುಂತಿರ್ತಾನ. ಜೈನ ಮೂರ್ತ್ಯಾಗ ತಲಿ ಮ್ಯಾಲ ಏಳ ಹೆಡಿ ಇದ್ರ ಪಾರ್ಶ್ವನಾಥ, ಮೂರು ಛತ್ರಿಗೆ ಮುಕ್ಕೊಡೆ ಅಂತಾರ.

ಬೋರ್ಡ್ ಈಗ ಓದ್ರಿ, ಕಡೀಕ. ಒಂದ ಮ್ಯೂಸಿಯಂದಾಗ ನಾನು ಸಾಲಾಗಿ ಎಂಟ ಕಲ್ಲಿಗೆ ಬರೇ "ಶಿಲ್ಪ, 11ನೇ ಶತಮಾನ" ಅಂತ ಬರದಿದ್ದು ಕಂಡು ಭಾಳ ಬ್ಯಾಸರಾ ಮಾಡ್ಕೊಂಡಿದ್ದೆ, ಯಾವ ಊರಿಂದ ಬಂತು ಅನ್ನೂದ ಇಲ್ಲ ಅಂದ್ರ ಹೆಂಗ. ಆದ್ರ ಅಲ್ಲಿ ಕೆಲಸಾ ಮಾಡೂ ಕಾಕಾ ಒಬ್ರನ್ನ "ಇದು ಎಲ್ಲೀದ್ರಿ ಕಾಕಾ" ಅಂತ ಕೇಳಿದ್ದಕ್ಕ ಅವರು ಎದ್ದು ಬಂದು ಒಂದೊಂದ ಕಲ್ಲಿನ ಊರು ಹೇಳಿದ್ರು, ಯಾವುದು ಕೆರಿ ಹೂಳಿನ್ಯಾಗ ಸಿಕ್ಕಿದ್ದು, ಯಾವುದು ಹೊಲದ ಬದುವಿನ್ಯಾಗ ಇದ್ದದ್ದು. ಕೇಳ್ರಿ, ನಾಚಬ್ಯಾಡ್ರಿ, ದಿನಾ ಆ ಕಲ್ಲಿನ ಜೋಡಿ ಇರೂ ಮಂದಿ ಅವರು. ಇನ್ನೊಂದು, ಹಳೇ ಬೋರ್ಡ್ ಹಳೇ ಪುಸ್ತಕದಾಗ "ಧಾರವಾಡ ಜಿಲ್ಲೆ" ಅಂತ ಇದ್ರ ಬರೇ ಧಾರವಾಡ ಅಂತ ತಿಳ್ಕೋಬ್ಯಾಡ್ರಿ. ಗದಗ ಮತ್ತ ಹಾವೇರಿ ಬ್ಯಾರೆ ಜಿಲ್ಲೆ ಆಗಿದ್ದು 1997ರಾಗ, ಅದಕ್ಕೂ ಮೊದ್ಲ ಎಲ್ಲಾ ಒಂದ. 1956ರ ಹಿಂದಿಂದಿದ್ರ ಮುಂಬಯಿ ಪ್ರಾಂತ ಅಂತ ಹುಡುಕಬೇಕು.

ಒಳಗ ಮುಗಿಸಿ ಹೊರಗ ಬಂದ ಮ್ಯಾಲ ಬಸ್ ಸ್ಟ್ಯಾಂಡಿಗೆ ಓಡಬ್ಯಾಡ್ರಿ. ಲಕ್ಕುಂಡ್ಯಾಗ ಅಂತೂ ಬಾಜೂಕ ಬಸದಿ ಐತಿ, ಅದನ್ನ ಕಟ್ಟಿಸಿದಾಕಿ ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಾಗ ಸತ್ತ ಮ್ಯಾಲ ತಂಗಿ ಗುಂಡಮಬ್ಬೆ ಸಹಗಮನ ಮಾಡಿದ್ಲು, ಇಬ್ರಿಗೂ ಒಬ್ಬನ ಗಂಡ, ಅತ್ತಿಮಬ್ಬೆ ಮಗನ ಸಲುವಾಗಿ ಉಳದ್ಲು. ಉಳದು ಏನು ಮಾಡಿದ್ಲು? ಪೊನ್ನನ ಶಾಂತಿಪುರಾಣದ 1000 ಪ್ರತಿ ತಾಳೆಗರಿ ಮ್ಯಾಲ ಬರಸಿ ಹಂಚಿದ್ಲು, ರನ್ನನ ಕಡೆಯಿಂದ ಅಜಿತಪುರಾಣ ಬರಸಿದ್ಲು, ಈ ಬಸದಿ ಕಟ್ಟಿಸಿದ್ಲು. ಇದನ್ನ ನಾನು ಬಸದಿ ಕಟ್ಟಿ ಮ್ಯಾಲ ಕುಂತು ಅವ್ವಗ ಹೇಳಿದೆ. ಮಾಸ್ತಿಕಲ್ಲಿನ ಮುಂದ ನಿಂತಾಗಿನಿಂದ ಸುಮ್ನಿದ್ದಾಕಿ "ಹಂಗಂದ್ರ ಇಕಿ ಉಳದಿದ್ದ ಚಲೋ ಆತು" ಅಂದ್ಲು.

ರೈಲ್ವೆ ಮ್ಯೂಸಿಯಂಗೆ ಹೋಗೂದಿದ್ರ ರೈಲ್ವೆದಾಗ ಕೆಲಸಾ ಮಾಡಿದಾವ್ರ ಜೋಡಿ ಹೋಗ್ರಿ, ಹುಬ್ಬಳ್ಳ್ಯಾಗ ಅವರಿಗೇನು ಕೊರತಿ ಇಲ್ಲ, 1880ರ ದಶಕದಿಂದ ವರ್ಕ್‌ಶಾಪ್ ಇರೂ ಊರದು. ಅಲ್ಲಿ ಮಲಪ್ರಭಾ, ಘಟಪ್ರಭಾ ಅಂತ ಎರಡ ಹಳೇ ಕಾಟೇಜ್ ಅದಾವು. ನಮ್ಮ ಓಣಿಯ ಮಾಮಾ ಒಬ್ರು ರಿಟೈರ್ಡ್ ಫಿಟ್ಟರ್, ಅವರ ಜೋಡಿ ಹೋದಾಗ ಮೀಟರ್ ಗೇಜ್ ಅಂದ್ರ ಹಳಿ ನಡಕ ಒಂದ ಮೀಟರ್, ಬ್ರಾಡ್ ಗೇಜ್ ಅಂದ್ರ 1676 ಮಿಲಿಮೀಟರ್ ಅಂತ ಕಾಲಿನಿಂದ ಅಳದು ತೋರಿಸಿದ್ರು, ಹಳೇ ಲಾಟೀನಿನ ಹಿಡಿಕಿ ಯಾವ ಕಡೆ ತಿರುವಿದ್ರ ಯಾವ ಬಣ್ಣ ಅಂತ ಕೈ ಮಾಡಿ ಹೇಳಿದ್ರು. ಅಂಥಾವ್ರು ಹೇಳೂದನ್ನ ಮೊಬೈಲ್‌ನ್ಯಾಗ ರೆಕಾರ್ಡ್ ಮಾಡಿ ಇಟ್ಕೊಳ್ರಿ, ಕೇಳಿ ಮಾಡ್ರಿ.

ಮನಿಗೆ ಬಂದ ಮ್ಯಾಲಿನ ಕೆಲಸ ಒಂದೈತಿ. ನಿಮ್ಮ ಊರಿನ ಕಲ್ಲು ಹುಡುಕೂದು. ಕೇಂದ್ರ ಪುರಾತತ್ವ ಇಲಾಖೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಅಂತ ಸಂಪುಟ ತಂದೈತಿ, ಅದರಾಗ 11, 15, 18, 20ನೇ ಸಂಪುಟ ಪೂರಾ ಬಾಂಬೆ-ಕರ್ನಾಟಕದ್ದು, ಅಂದ್ರ ನಮ್ಮ ಭಾಗದ್ದು. ಶಾಸನದ ಮೂಲ ಪಾಠ ಕನ್ನಡ ಲಿಪಿಯೊಳಗೇ ಐತಿ. ಅದರಾಗ ನಿಮ್ಮ ಊರ ಹೆಸರು ಸಿಕ್ರ ಪ್ರಿಂಟ್ ತಗೊಂಡು ಕಲ್ಲಿನ ಮುಂದ ಹೋಗಿ ಕುಂಡ್ರಿ. ಸಿಗದಿದ್ರೂ ಹನುಮಪ್ಪನ ಗುಡಿ ಹಿಂದ, ಕೆರಿ ಏರಿ ಮ್ಯಾಲ, ಅಗಸಿ ಬಾಗಲದಾಗ ನೋಡ್ರಿ. ಕಲ್ಲಿಗೆ ಎಣ್ಣಿ ಹಚ್ಚಬ್ಯಾಡ್ರಿ, ಅಕ್ಷರ ಕಾಣಲಿ ಅಂತ ಸುಣ್ಣ ಖಡೂ ತಿಕ್ಕಬ್ಯಾಡ್ರಿ, ಬಣ್ಣ ಅಂತೂ ಬ್ಯಾಡೇ ಬ್ಯಾಡ, ತಂತಿ ಬ್ರಷ್ ತಗೊಂಡು ತೊಳ್ಯಾಕೂ ಹೋಗಬ್ಯಾಡ್ರಿ. ಬಲ್ಲಾವ್ರು ಪಡಿಯಚ್ಚು ತಗೀತಾರ, ಹಸೀ ಕಾಗದ ಕಲ್ಲಿಗೆ ಅಂಟಿಸಿ ಬ್ರಷ್‌ನಿಂದ ಬಡದು ಮ್ಯಾಲ ಮಸಿ ಒತ್ತತಾರ, ಅದು ಕಲ್ತಾವ್ರ ಕೆಲಸ. ನಮಗ ಮಗ್ಗಲಿಂದ ಬೆಳಕು ಬಿಟ್ಟು ತಗದ ಫೋಟೋ ಸಾಕು.

ನಮ್ಮ ಊರಾಗೂ ಒಂದ ಐತಿ, ಗುಡಿ ಹಿಂದಿನ ಬೇವಿನ ಗಿಡದ ಬುಡಕ, ಅರ್ಧ ಮಣ್ಣಾಗ ಹುಗದೈತಿ. ಸಣ್ಣಾಂವ ಇದ್ದಾಗ ಅದರ ಮ್ಯಾಲ ಕುಂತು ಗೋಲಿ ಆಡೀನಿ. ಹ್ವಾದ ತಿಂಗಳು ಸಂಜಿ ಬಿಸಲಿನ್ಯಾಗ ಅವ್ವ ಸೆರಗಿನಿಂದ ಮ್ಯಾಲಿನ ಧೂಳು ಅಷ್ಟ ಝಾಡಿಸಿದ್ಲು, ನಾನು ಬಗ್ಗಿ ನೋಡಿದೆ. ಮ್ಯಾಲ ಆಕಳು ಕರು ಐತಿ, ಚಂದ್ರ ಐತಿ, ಸೂರ್ಯ ಇದ್ದ ಮೂಲಿ ಮುರದೈತಿ. ಮೊದ್ಲಿನ ಸಾಲಿನ್ಯಾಗ "ನಮಸ್ತುಂಗ" ಅನ್ನೂದು ಓದಾಕ ಬಂತು. ಎರಡನೇ ಸಾಲಿಗೆ ಇನ್ನೂ ಕುಂತೀನಿ.